ಹಳೆಯ ಡಾಂಬರು ರಸ್ತೆಗೆ ಸಿಮೆಂಟಿನ ಬಲ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆದ ಬೆಳೆ ಮಾರುಕಟ್ಟೆ ಮುಟ್ಟಬೇಕಾದರೆ ರಸ್ತೆ ಚೆನ್ನಾಗಿರಬೇಕು. ಕೆಟ್ಟ ರಸ್ತೆಯ ಮೇಲೆಯೇ ಮತ್ತೆ ಜಲ್ಲಿ, ಡಾಂಬರು ಹಾಕುವುದು ರೂಢಿ. ಹೀಗೆ ಮಾಡಿದಷ್ಟೂ ರಸ್ತೆ ಎತ್ತರವಾಗಿ ಮಳೆನೀರು ಪಕ್ಕದ ಮನೆಗೆ, ಹೊಲಕ್ಕೆ ನುಗ್ಗುತ್ತದೆ. ತಳ ದುರ್ಬಲವಾಗಿದ್ದರೆ ಮೇಲಿನ ಹೊಸ ಪದರವೂ ಬಹುಕಾಲ ಬಾಳದು.

ಇದಕ್ಕೆ ಬದಲಾಗಿ ಹಳೆಯ ರಸ್ತೆಯನ್ನೇ ಯಂತ್ರದಿಂದ ಅಗೆದು ಪುಡಿಮಾಡಿ, ಸಿಮೆಂಟು ಬೆರೆಸಿ, ಅದೇ ಜಾಗದಲ್ಲಿ ಗಟ್ಟಿ ತಳಪಾಯ ಮಾಡುವ ವಿಧಾನವಿದೆ. ಉತ್ತರ ಪ್ರದೇಶದಲ್ಲಿ 2022ರಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಇದನ್ನು ಅನುಸರಿಸಲಾಯಿತು.

ಲಾಭವನ್ನು ಲೆಕ್ಕ ಹಾಕಿ ನೋಡೋಣ. 1 ಕಿ.ಮೀ. ಉದ್ದ, 3.75 ಮೀಟರ್ ಅಗಲದ ರಸ್ತೆಯಲ್ಲಿ ಹಳೆಯ ಜಲ್ಲಿ, ಡಾಂಬರು ಸೇರಿ 20 ಸೆಂ.ಮೀ. ದಪ್ಪವಿದ್ದರೆ 750 ಘನ ಮೀಟರ್ ಸಾಮಗ್ರಿ ಸ್ಥಳದಲ್ಲಿಯೇ ಸಿಕ್ಕಿತು. ಅಷ್ಟನ್ನು ಕಲ್ಲುಗಣಿಯಿಂದ ಲಾರಿಗಳಲ್ಲಿ ಹೊರುವ ಖರ್ಚು ಉಳಿಯುತ್ತದೆ.

ಮೊದಲು ಅಲ್ಲಲ್ಲಿ ಗುಂಡಿ ತೋಡಿ ಪದರಗಳ ದಪ್ಪವನ್ನೂ ತಳದ ಮಣ್ಣನ್ನೂ ಪರೀಕ್ಷಿಸಬೇಕು. ಸಿಮೆಂಟಿನ ಪ್ರಮಾಣ ಸಾಮಾನ್ಯವಾಗಿ ತೂಕದಲ್ಲಿ ಶೇಕಡ 3ರಿಂದ 6. ನಾವು ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವಂತೆ ಇಲ್ಲಿಯೂ ಪ್ರಯೋಗಶಾಲೆಯೇ ಪ್ರಮಾಣ ಹೇಳಬೇಕು. ಕಡಿಮೆಯಾದರೆ ಬಲ ಸಾಲದು. ಹೆಚ್ಚಾದರೆ ಬಿರುಕು ಹೆಚ್ಚುತ್ತದೆ. ತಳದ ಎರೆಮಣ್ಣು ಮಿಶ್ರಣಕ್ಕೆ ಸೇರುವುದಾದರೆ ಮೊದಲು ಸುಣ್ಣ ಬೆರೆಸಿ ಹದಮಾಡಬೇಕಾಗಬಹುದು.

ಸಿಮೆಂಟನ್ನು ಸಮನಾಗಿ ಹರಡಿ, ನೀರಿನೊಡನೆ ಕಲಸಿ, ಮಟ್ಟಮಾಡಿ ರೋಲರು ಹಾಯಿಸುತ್ತಾರೆ. ಸಿಮೆಂಟಿಗೆ ನೀರು ತಗಲಿದ ಸುಮಾರು 2 ಗಂಟೆಯೊಳಗೆ ಇದೆಲ್ಲ ಮುಗಿಯಬೇಕು. ಬಳಿಕ 7 ದಿನ ತೇವ ಆರದಂತೆ ಕಾಯಬೇಕು. ಅನಂತರ ಬಿರುಕು ಮೇಲಕ್ಕೆ ಬರದಂತೆ ತಡೆಯುವ ಪದರ, ಅದರ ಮೇಲೆ ಡಾಂಬರು.

ಈ 7 ದಿನಗಳ ಹೊಣೆ ಊರಿನವರದೂ ಹೌದು. ಹಸಿ ತಳದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡಿದರೆ ಒಳಗೇ ಬಿರುಕು ಬೀಳುತ್ತದೆ. ಆಮೇಲೆ ನೀರು ಹಾಯಿಸಿದರೆ ಅದು ಕೂಡದು. ಆದ್ದರಿಂದ ಕಟಾವು ಮುಗಿದ ಮೇಲೆ, ಮಳೆಗೆ ಮುಂಚೆ ಕೆಲಸ ಹಿಡಿಯುವಂತೆ ಗ್ರಾಮ ಪಂಚಾಯಿತಿಯ ಮೂಲಕ ಇಂಜಿನಿಯರರನ್ನು ಕೇಳಿಕೊಳ್ಳಿ. ಬದಲಿ ದಾರಿಯನ್ನು ಮೊದಲೇ ಗೊತ್ತುಮಾಡಿ. ಗದ್ದೆಯ ನೀರನ್ನು ರಸ್ತೆಗೆ ಬಿಡಬೇಡಿ. ಚರಂಡಿ ಮುಚ್ಚಿ ಉಳಬೇಡಿ. ತಳಕ್ಕೆ ನೀರು ಇಳಿದರೆ ಸಿಮೆಂಟು ಬೆರೆಸಿದ ರಸ್ತೆಯೂ ಕೆಡುತ್ತದೆ.

ವಿಸ್ತರಣಾ ಕಾರ್ಯಕರ್ತರು ಈ ವಿಷಯಗಳನ್ನು ಗ್ರಾಮಸಭೆಯಲ್ಲಿ ತಿಳಿಸಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.