ಹೆಸರಿಲ್ಲದೆ ಉಳಿದ ಹಾಡು

ನಾನು ಹುಟ್ಟಿ ಬೆಳೆದದ್ದು ಸತ್ತೇಗಾಲದಲ್ಲಿ. ಕಾವೇರಿ ಅಲ್ಲಿಗೆ ಸಮೀಪದಲ್ಲೇ ಎರಡು ಕವಲಾಗಿ, ಶಿವನಸಮುದ್ರವನ್ನು ಬಳಸಿ ಹರಿದು, ಗಗನಚುಕ್ಕಿ ಭರಚುಕ್ಕಿಗಳಲ್ಲಿ ಧುಮುಕಿ ಮತ್ತೆ ಒಂದಾಗುತ್ತಾಳೆ. ಬಾಲ್ಯದಲ್ಲಿ ನಮ್ಮ ಅಜ್ಜಿ ರಾಗಿ ಬೀಸುತ್ತ ‘ತಿರುಕನ ಕನಸ’ನ್ನು ಹಾಡುತ್ತಿದ್ದರು. ಯಾರ ಹಾಡೆಂದು ಕೇಳಿದರೆ, “ಯಾರೋ ಹಿರಿಯರದು ಮಗ” ಎನ್ನುತ್ತಿದ್ದರು.

ಮುಂದೆ ಮೈಸೂರಿನಲ್ಲಿ ಓದುವಾಗ ಇಂಗ್ಲೆಂಡಿನ ಥಾಮಸ್ ಟ್ಯಾಲಿಸನ ಚರಿತ್ರೆ ನನ್ನ ಕೈಗೆ ಬಂದಿತು. ಸುಮಾರು 1505ರಲ್ಲಿ ಹುಟ್ಟಿದ ಈತ 1532ರಲ್ಲಿ ಡೋವರಿನ ಮಠದ ಆರ್ಗನ್ ವಾದಕ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, 1540ರಲ್ಲಿ, ವಾಲ್ಥಮ್ಮಿನಲ್ಲಿದ್ದ ಕೆಲಸವೂ ಹೋಯಿತು. ಬಳಿಕ ಅರಮನೆಯ ಪ್ರಾರ್ಥನಾಮಂದಿರವನ್ನು ಸೇರಿ ನಾಲ್ವರು ಪ್ರಭುಗಳ ಆಳ್ವಿಕೆಯನ್ನು ಕಂಡ. ಸಿಂಹಾಸನದೊಡನೆ ಪ್ರಾರ್ಥನೆಯ ಭಾಷೆಯೂ ಬದಲಾಗುತ್ತಿತ್ತು; ಲ್ಯಾಟಿನ್ನಿಗೂ ಇಂಗ್ಲಿಷಿಗೂ ಆತ ಸ್ವರ ಕೂಡಿಸಿದ. ಐದೈದು ಕಂಠಗಳ ಎಂಟು ಮೇಳಗಳು, ಒಟ್ಟು 40 ಕಂಠಗಳು ಕವಲೊಡೆದು ಕೊನೆಗೆ ಕೂಡುವ ಅವನ ಕೃತಿಯನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮೂರ ಹೊಳೆಯೇ. 1575ರಲ್ಲಿ ರಾಣಿ ಎಲಿಜಬೆತ್ ಅವನಿಗೂ ವಿಲಿಯಂ ಬರ್ಡನಿಗೂ ಸಂಗೀತ ಅಚ್ಚುಮಾಡುವ ಹಕ್ಕನ್ನು 21 ವರ್ಷಗಳಿಗೆ ಕೊಟ್ಟಳು. 1585ರಲ್ಲಿ ಟ್ಯಾಲಿಸ್ ತೀರಿಕೊಂಡ. ಸ್ವರಗಳು ಕಾಗದದಲ್ಲಿ ಉಳಿದಿದ್ದುದರಿಂದ, 1910ರಲ್ಲಿ ವಾನ್ ವಿಲಿಯಮ್ಸ್ ಅವನದೊಂದು ರಾಗವನ್ನು ತಂತಿವಾದ್ಯಗಳಿಗೆ ವಿಸ್ತರಿಸುವುದು ಸಾಧ್ಯವಾಯಿತು.

ಇಷ್ಟನ್ನೂ ತಿಳಿದ ಮೇಲೆಯೇ ನನಗೆ ಗೊತ್ತಾದದ್ದು, ಅಜ್ಜಿಯ ಹಾಡಿನ ಕರ್ತೃ ಕೊಳ್ಳೇಗಾಲದ ಮುಪ್ಪಿನ ಷಡಕ್ಷರಿ ಎಂದು. ಕೊಳ್ಳೇಗಾಲ ನಮ್ಮ ಸಂತೆಯ ಊರು! ನಾಚಿಕೆಯಾಯಿತು. ಕವಿಯ ಕಾಲ ಸುಮಾರು 1500. ‘ರಾಜಶೇಖರವಿಳಾಸ’ದ ಷಡಕ್ಷರದೇವ ಬೇರೆ, ಆತ 17ನೆಯ ಶತಮಾನದವನು. ಮುಪ್ಪಿನ ಷಡಕ್ಷರಿಯ ಹಾಡುಗಳ ಸಂಕಲನ ‘ಸುಬೋಧಸಾರ’. ಮುರುಕು ಧರ್ಮಶಾಲೆಯಲ್ಲಿ ಮಲಗಿದ ಭಿಕ್ಷುಕನಿಗೆ ಕನಸಿನಲ್ಲಿ ಪಟ್ಟದಾನೆ ಮಾಲೆ ಹಾಕುತ್ತದೆ. ರಾಜ್ಯ, ಮಡದಿ, ಮಕ್ಕಳು ಎಲ್ಲವೂ ದೊರೆತು, ಎಚ್ಚರವಾದೊಡನೆ ಇಲ್ಲವಾಗುತ್ತವೆ. ನಾಲ್ಕು ಸಿಂಹಾಸನಗಳನ್ನು ಕಂಡ ಟ್ಯಾಲಿಸನಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಮ್ಮವನಿಗೆ ಸ್ವರಲಿಪಿಯೂ ಇಲ್ಲ, ಅಚ್ಚಿನ ಹಕ್ಕೂ ಇಲ್ಲ. ಅಜ್ಜಿ ಹಾಡಿದ್ದು ಒಂದು ಧಾಟಿ, ಶಾಲೆಯ ಮೇಷ್ಟರು ಹೇಳಿಕೊಟ್ಟದ್ದು ಮತ್ತೊಂದು. ಮೂಲದ ಧಾಟಿ ಹೋಯಿತೆಂದು ನಾನು ಕೊರಗುವುದಿಲ್ಲ. ಓದು ಬಾರದ ಹೆಣ್ಣುಮಕ್ಕಳು ಹಾಡನ್ನು ಐದು ಶತಮಾನ ದಾಟಿಸಿದರು. ಓದು ಬಲ್ಲ ನಾವು ಹೆಸರನ್ನಾದರೂ ದಾಟಿಸಬೇಡವೆ? ಮಕ್ಕಳಿಗೆ ಈ ಹಾಡನ್ನು ಕಲಿಸುವಾಗ, ಇದನ್ನು ಕಟ್ಟಿದವನು ಕೊಳ್ಳೇಗಾಲದವನೆಂದು ಒಂದು ಮಾತು ಹೇಳಿ. ಅಜ್ಜಿಗೆ ನಾನು ಹೇಳಲಾಗದೆ ಉಳಿದ ಮಾತು ಅದೊಂದೇ.