ಕೆಲಸಗಾರನ ಹೆಸರು, ಧಣಿಯ ಅರ್ಜಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಾದ ನಾವು ಅಮೆರಿಕದ ಉದ್ಯೋಗ ರಹದಾರಿಯನ್ನು ಕುರಿತು ಮಾತನಾಡುವುದೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಹೊರನಾಡಿನ ಸಂಪಾದನೆ ಕಾಸರಗೋಡಿಗೆ ಹೊಸದಲ್ಲ. ಗಲ್ಫ್ ನಾಡುಗಳಿಗೆ ಹೋದವರ ಮನೆಗಳು ಊರೂರಲ್ಲಿವೆ. ನಮ್ಮ ಕನ್ನಡ ಶಾಲೆಗಳಲ್ಲಿ ಓದಿ, ಮುಂದೆ ಇಂಜಿನಿಯರಿಂಗ್ ಕಲಿತ ಮಕ್ಕಳು ಈಗ ಅಮೆರಿಕದ ಕಡೆಗೂ ಮುಖಮಾಡಿದ್ದಾರೆ. ಅವರ ತಂದೆತಾಯಿಗಳು ಅಡಕೆ ತೋಟವನ್ನು ಅಡವಿಟ್ಟು ಮಧ್ಯವರ್ತಿಗೆ ಹಣವೆಣಿಸಲು ಹೊರಟಾಗ, ಕಾಗದವನ್ನು ಓದಿ ಹೇಳಿರೆಂದು ಬರುವುದು ಶಾಲೆಯ ಉಪಾಧ್ಯಾಯರ ಬಳಿಗೇ. ಆದುದರಿಂದ ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

'ವೀಸಾ' ಎಂಬುದು ಲ್ಯಾಟಿನ್ ಮೂಲದ ಮಾತು. 'ನೋಡಲ್ಪಟ್ಟದ್ದು' ಎಂದು ಅದರ ಅರ್ಥ. ದಾರಿಯ ಭರವಸೆಯಾದರೂ ಇರುವ ನಮ್ಮ 'ರಹದಾರಿ'ಯೇ ಅದಕ್ಕಿಂತ ಉದಾರವಾದ ಶಬ್ದ. ಕುಶಲ ವೃತ್ತಿಯವರಿಗೆ ಅಮೆರಿಕ ನೀಡುವ ರಹದಾರಿಗಳಲ್ಲಿ ಹೆಸರಾದುದು ಎಚ್-1ಬಿ. 1990ರ ವಲಸೆ ಶಾಸನದಿಂದ ಅದು ಹುಟ್ಟಿತು. ನಿರ್ದಿಷ್ಟ ಶಾಸ್ತ್ರದಲ್ಲಿ ಪದವಿಯನ್ನೋ ಅದಕ್ಕೆ ಸಮನಾದ ಯೋಗ್ಯತೆಯನ್ನೋ ಬೇಡುವ ಹುದ್ದೆಗಳಿಗೆ ಅದು ಸಲ್ಲುತ್ತದೆ. ಖ್ಯಾತಿವೆತ್ತ ಉಡುಪಿನ ರೂಪದರ್ಶಿಗಳನ್ನೂ ಅದೇ ಪಂಕ್ತಿಯಲ್ಲಿ ಕುಳ್ಳಿರಿಸಿರುವುದು ಶಾಸನಕಾರರ ವಿನೋದವೆನ್ನಬೇಕು.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದುದು, ಅರ್ಜಿ ಕೆಲಸಗಾರನದಲ್ಲ, ಕೆಲಸ ಕೊಡುವ ಧಣಿಯದು ಎಂಬುದು. ಧಣಿ ಮೊದಲು ಅಲ್ಲಿಯ ಕಾರ್ಮಿಕ ಇಲಾಖೆಗೆ ಒಂದು ಪ್ರತಿಜ್ಞಾಪತ್ರವನ್ನು ಸಲ್ಲಿಸಬೇಕು. ತನ್ನಲ್ಲಿ ಅಂಥದೇ ಕೆಲಸ ಮಾಡುವವರಿಗೆ ಕೊಡುವ ಸಂಬಳ, ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಸಂಬಳ, ಇವೆರಡರಲ್ಲಿ ಹೆಚ್ಚಿನದನ್ನು ಕೊಡುವೆನೆಂದೂ, ಆ ವೃತ್ತಿಯಲ್ಲಿ ಮುಷ್ಕರವಿಲ್ಲವೆಂದೂ ಅದರಲ್ಲಿ ಒಪ್ಪಬೇಕು. ಬಳಿಕ ವಲಸೆ ಇಲಾಖೆಗೆ ಅರ್ಜಿ. ಸಾಮಾನ್ಯವಾಗಿ ವರ್ಷಕ್ಕೆ 65,000 ಸ್ಥಾನಗಳು. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನು 20,000. 2023ರ ಮಾರ್ಚಿಯಲ್ಲಿ ಇವಕ್ಕಾಗಿ ನೊಂದಣಿಯಾದುವು 7,80,000ಕ್ಕೂ ಮೀರಿ! ಒಬ್ಬನ ಹೆಸರನ್ನೇ ಹಲವು ಧಣಿಗಳು ಬರೆಸಿದುದು ಇದಕ್ಕೆ ದೊಡ್ಡ ಕಾರಣ. 2024ರಿಂದ ಒಬ್ಬನನ್ನು ಒಮ್ಮೆಯೇ ಎಣಿಸುವ ಪದ್ಧತಿ ಬಂದಿತು. ಚೀಟಿ ಎತ್ತುವಾಗ ಬಹುಕಾಲ ಎಲ್ಲ ಹೆಸರುಗಳೂ ಸಮಾನವಾಗಿದ್ದುವು. 2025ರ ಕೊನೆಯಲ್ಲಿ ಪ್ರಕಟವಾದ ನಿಯಮವು ಹೆಚ್ಚು ಸಂಬಳದ ಹುದ್ದೆಗೆ ಹೆಚ್ಚು ಅವಕಾಶ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಘೋಷಣೆಯೊಂದು ಹೊರಟು, ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗೆ 1,00,000 ಡಾಲರು ತೆರಬೇಕೆಂದು ವಿಧಿಸಿತು.

ಇಷ್ಟು ಹಣವನ್ನು ಯಾರು ಕೊಡಬೇಕು? ಮಧ್ಯವರ್ತಿಗಳು ಮಬ್ಬು ಕವಿಸುವುದು ಇಲ್ಲಿಯೇ. ಅರ್ಜಿ ಧಣಿಯದಾದ ಮೇಲೆ ವೆಚ್ಚವೂ ಧಣಿಯದು. ಅಲ್ಲಿಯ ಕೆಲಸಗಾರರ ತರಬೇತಿಗೆಂದು ಧಣಿ ಕಟ್ಟುವ 750 ಅಥವಾ 1,500 ಡಾಲರುಗಳನ್ನು ಕೆಲಸಗಾರನಿಂದ ವಸೂಲು ಮಾಡುವಂತೆಯೇ ಇಲ್ಲ. ಧಣಿಯ ವಕೀಲರ ಶುಲ್ಕವನ್ನು ಸಂಬಳದಲ್ಲಿ ಮುರಿದು, ವಿಧಿಸಿದ ಸಂಬಳಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೈಗೆ ಕೆಲಸ ಕೊಡದೆ ಸುಮ್ಮನೆ ಕುಳ್ಳಿರಿಸಿದ ದಿನಗಳಿಗೂ ಸಂಬಳ ಸಲ್ಲಬೇಕು. ಅವಧಿ ಮುಗಿಯುವ ಮೊದಲೇ ಧಣಿ ಕೆಲಸದಿಂದ ತೆಗೆದರೆ, ಸ್ವದೇಶಕ್ಕೆ ಮರಳುವ ಪ್ರಯಾಣದ ಯುಕ್ತ ವೆಚ್ಚವೂ ಅವನದೇ. ಪ್ರತಿಜ್ಞಾಪತ್ರದ ಒಂದು ಪ್ರತಿಯನ್ನು, ತಡವೆಂದರೂ ಕೆಲಸಕ್ಕೆ ಸೇರುವ ದಿನ, ಕೆಲಸಗಾರನ ಕೈಗೆ ಕೊಡಬೇಕು. ಇಷ್ಟನ್ನು ಶಾಸನವೇ ಬರೆದಿಟ್ಟಿರುವಾಗ, ಇಲ್ಲಿ ತೋಟ ಅಡವು ಬೀಳುವುದು ಯಾವ ನ್ಯಾಯ? ಅರ್ಜಿ ಹಾಕಿಸುವೆನೆಂದು ಲಕ್ಷಗಟ್ಟಲೆ ಕೇಳುವವನನ್ನು, 'ಧಣಿ ಯಾರು, ಪ್ರತಿಜ್ಞಾಪತ್ರದಲ್ಲಿ ಬರೆದ ಸಂಬಳವೆಷ್ಟು, ಊರು ಯಾವುದು?' ಎಂದು ಕೇಳಿ ನೋಡಿರಿ. ಅವನ ಮುಖವನ್ನು ನೋಡಿದರೆ ಸಾಕು.

ರಹದಾರಿಯ ಅವಧಿ ಮೊದಲು 3 ವರ್ಷ. ಬೆಳೆಸಿದರೆ ಒಟ್ಟು 6. ಇನ್ನೊಬ್ಬ ಧಣಿ ಅರ್ಜಿ ಸಲ್ಲಿಸಿದೊಡನೆ ಅವನಲ್ಲಿ ಕೆಲಸಕ್ಕೆ ಸೇರುವ ಅನುಕೂಲವನ್ನು 2000ದ ಶಾಸನ ಕಲ್ಪಿಸಿತು. ಆದರೆ ಕೆಲಸ ಹೋಗಿ, ಬೇರೆ ಧಣಿ ದೊರೆಯದಿದ್ದರೆ ಉಳಿಯಬಹುದಾದುದು ಹೆಚ್ಚೆಂದರೆ 60 ದಿನ. ಮನೆ ಬಾಡಿಗೆ, ಮಕ್ಕಳ ಶಾಲೆ, ವಾಹನದ ಸಾಲ, ಎಲ್ಲಕ್ಕೂ ಅಷ್ಟರಲ್ಲೇ ಏರ್ಪಾಡಾಗಬೇಕು.

ಕಾಯಂ ವಾಸದ ಹಕ್ಕಿಗೂ ಸಾಮಾನ್ಯವಾಗಿ ಧಣಿಯೇ ಅರ್ಜಿ ಹಾಕಬೇಕು. ಯಾವ ಒಂದು ದೇಶಕ್ಕೂ ವರ್ಷದ ಒಟ್ಟಿನಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿರುವುದರಿಂದ, ಭಾರತೀಯರ ಸಾಲು ಬಹು ಉದ್ದ. ಸಾಲಿನಲ್ಲಿರುವವರಿಗೆ 6 ವರ್ಷ ಮೀರಿಯೂ ರಹದಾರಿಯನ್ನು ಬೆಳೆಸುತ್ತಾರೆ, ನಿಜ. ಹೆಂಡತಿ ಮಕ್ಕಳಿಗೆ ಎಚ್-4 ಎಂಬ ಅವಲಂಬಿತರ ರಹದಾರಿಯೂ ಉಂಟು. ಆದರೆ ತೊಟ್ಟಿಲಲ್ಲಿ ಕರೆದೊಯ್ದ ಮಗು ಅಲ್ಲಿಯೇ ಅಕ್ಷರ ಕಲಿತು, ಅಲ್ಲಿಯ ಮಾತನ್ನೇ ಆಡಿ ಬೆಳೆದಿದ್ದರೂ, 21 ವರ್ಷ ತುಂಬಿದಾಗ ಆ ಅವಲಂಬನೆ ಮುಗಿಯುತ್ತದೆ. ತಂದೆ ಇನ್ನೂ ಸಾಲಿನಲ್ಲಿಯೇ ಇದ್ದರೆ, ಮಗ ವಿದ್ಯಾರ್ಥಿಯ ರಹದಾರಿಯನ್ನೋ ಮತ್ತೊಂದನ್ನೋ ತನ್ನ ಹೆಸರಿನಲ್ಲಿ ಸಂಪಾದಿಸಬೇಕು. ಇಲ್ಲವೆ ತಾನು ಕಂಡರಿಯದ ಊರಿಗೆ ಒಬ್ಬನೇ ಮರಳಬೇಕು.