ಕೋಳಿ ಕಾಲಿಗೆ ಸೀಮೆಎಣ್ಣೆ ಹಚ್ಚೋರ ಜತೆ ಒಂದು ಜಗಳ

ಯಾರೋ ಸಾಕಿ ಕೈಬಿಟ್ಟ ಹ್ಯಾಟೆಯೊಂದು ನಿಮ್ಮ ಮನೆಗೆ ಬಂದು ಸೇರಿದೆ ಅನ್ಕೊಳ್ಳಿ. ಮನೆ ಖಾಲಿ ಮಾಡಿದವರು ಬಿಟ್ಟು ಹೋಗಿರಬಹುದು, ಮೊಟ್ಟೆ ಕಮ್ಮಿಯಾಯ್ತು ಅಂತ ಫಾರಂನವರು ಸಿಕ್ಕಿದ ರೇಟಿಗೆ ಮಾರಿರಬಹುದು. ಗೂಡು ಎಷ್ಟಡಿ, ಫೀಡ್ ಯಾವುದು ಅನ್ನೋದಕ್ಕೆ ಬೇಕಾದಷ್ಟು ವಿಡಿಯೋ ಇವೆ, ನಾನು ಅಲ್ಲಿಗೆ ಹೋಗಲ್ಲ. ನನ್ನ ತಲೆ ಕೆಡಿಸಿರೋದು ಕಾಲು.

ಕೋಳಿ ಹಿಡಿದು ಮೊದಲು ಕಾಲು ನೋಡಿ. ಆರೋಗ್ಯದ ಕೋಳಿಗೆ ಕಾಲಿನ ಹುರುಪೆ ನುಣ್ಣಗೆ, ಒಂದರ ಮೇಲೊಂದು ಕೂತಿರುತ್ತೆ. ಇದರದ್ದು ನೋಡಿದ್ರೆ ಕೋತಿ ಓಡಾಡಿದ ಹಂಚಿನ ಮನೆ. ಒಂದೊಂದೂ ಎದ್ದು ನಿಂತಿದೆ, ಸಂದೀಲಿ ಬಿಳಿ ಪುಡಿ. "ವಯಸ್ಸಾಯ್ತು ಬಿಡಿ" ಅಂತಾರೆ. ವಯಸ್ಸಲ್ಲ, ಅದು ನುಸಿ. ನೆಮಿಡೊಕಾಪ್ಟಿಸ್ ಮ್ಯೂಟನ್ಸ್ ಅಂತ ಅದರ ಹೆಸರು. ಹುರುಪೆ ಕೆಳಗೆ ಕೊರೆದುಕೊಂಡು ಅಲ್ಲೇ ಸಂಸಾರ ಮಾಡುತ್ತೆ. ವರ್ಷಗಟ್ಟಲೆ ಹಾಗೇ ಬಿಟ್ರೆ ಕೋಳಿ ಕುಂಟುತ್ತೆ, ಬೆರಳು ಉದುರೋದೂ ಉಂಟು.

ಈಗ ಜಗಳಕ್ಕೆ ಬರ್ತೀನಿ. ಪ್ರತಿ ಊರಲ್ಲೂ ಒಬ್ಬರು ಇರ್ತಾರೆ: "ಸೀಮೆಎಣ್ಣೇಲಿ ಕಾಲು ಅದ್ದಿ, ಎಲ್ಲಾ ಸರಿಹೋಗುತ್ತೆ." ಸೀಮೆಎಣ್ಣೆ ಸಿಗದವರು ಡೀಸೆಲ್ ಅಂತಾರೆ. ನುಸಿ ಸಾಯಲ್ವಾ? ಸಾಯುತ್ತೆ, ನಾನು ಇಲ್ಲ ಅನ್ನಲ್ಲ. ಆದ್ರೆ ಹುರುಪೆ ಕೆಳಗೆ ಆಗಲೇ ಹುಣ್ಣಾಗಿರೋ ಚರ್ಮ ಇದೆ, ಅದು ಸುಡುತ್ತೆ. ಕೋಳಿ ಕಾಲನ್ನ, ಪುಕ್ಕವನ್ನ ಕೊಕ್ಕಲ್ಲಿ ಕೆದಕಿಕೊಳ್ಳುತ್ತೆ, ಅಷ್ಟೂ ಹೊಟ್ಟೆಗೆ ಹೋಗುತ್ತೆ. "ನಮ್ಮಜ್ಜಿ ಹಚ್ಚುತಿದ್ರು, ಏನೂ ಆಗಿಲ್ಲ" ಅಂದ್ರೆ, ಉಳಿದ ಕೋಳಿ ಲೆಕ್ಕ ಮಾತ್ರ ನಿಮಗೆ ನೆನಪಿದೆ ಅಂತ ನಾನು ಹೇಳ್ತೀನಿ. ಅದೇ ಅಜ್ಜಿ ಮನೇಲಿ ಕೊಬ್ಬರಿ ಎಣ್ಣೇನೂ ಇತ್ತಲ್ವಾ?

ಉಗುರುಬೆಚ್ಚಗಿನ ಸೋಪು ನೀರಲ್ಲಿ ಐದು ನಿಮಿಷ ಕಾಲು ನೆನೆಹಾಕಿ. ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಹುರುಪೆ ಮಾತ್ರ ಕೀಳಬೇಡಿ, ರಕ್ತ ಬರುತ್ತೆ. ಒರೆಸಿ, ವ್ಯಾಸಲೀನೋ ಕೊಬ್ಬರಿ ಎಣ್ಣೆಯೋ ದಪ್ಪಗೆ ಹಚ್ಚಿ. ಗಾಳಿ ಆಡದೆ ನುಸಿ ಸಾಯುತ್ತೆ. ಒಂದು ಸಲಕ್ಕೆ ಮುಗಿಯಲ್ಲ, ವಾರಗಟ್ಟಲೆ ಹಚ್ಚಬೇಕು. ಎದ್ದ ಹುರುಪೆ ಉದುರಿ ಹೊಸದು ಬರೋಕೆ ತಿಂಗಳುಗಳೇ ಹಿಡೀತವೆ. ತುಂಬಾ ಕೆಟ್ಟಿದ್ರೆ ಪಶುವೈದ್ಯರು ಐವರ್ಮೆಕ್ಟಿನ್ ಕೊಡ್ತಾರೆ. ಅಂಗಡೀಲಿ ದನದ ಔಷಧಿ ತಂದು ಕಣ್ಣಂದಾಜಲ್ಲಿ ಹಾಕಬೇಡಿ.

ಒಂದು ನಿಮಿಷ, ಇಲ್ಲಿ ಗೊಂದಲ ಆಗಬಾರದು. ಕಾಲಿನ ನುಸಿ ಕೋಳಿ ಮೇಲೇ ಇರುತ್ತೆ. ಕೆಂಪು ನುಸಿ ಅಂತ ಇನ್ನೊಂದಿದೆ, ಅದು ಹಗಲು ಗೂಡಿನ ಸಂದೀಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತೆ. ಅದಕ್ಕೆ ಕೋಳಿಗಿಂತ ಮೊದಲು ಗೂಡಿಗೆ ಮದ್ದು.

ಉಳಿದದ್ದು ಬೇಗ ಬೇಗ ಹೇಳ್ತೀನಿ. ಮೈ ಬಿಸಿ ಇದೆ, ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಕೋಳಿ ಮೈ ಸಹಜವಾಗೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಎದೆ ಮೂಳೆ ಕೈಗೆ ಚೂಪಾಗಿ ಸಿಕ್ಕಿದ್ರೆ ಅದು ಹಸಿದ ಕೋಳಿ. ಅದಕ್ಕೆ ಒಮ್ಮೆಲೇ ಜೋಳ ಸುರೀಬೇಡಿ, ನೀರು ಕೊಟ್ಟು, ಆಮೇಲೆ ನೆನೆಸಿದ ಫೀಡ್ ಸ್ವಲ್ಪ ಸ್ವಲ್ಪ. ಒಂದು ಮೊಟ್ಟೆ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಮೇವಲ್ಲಿ ಸಾಲದಿದ್ರೆ ಮೂಳೆಯಿಂದ ತೆಗೆಯುತ್ತೆ. ಅದಕ್ಕೇ ಫಾರಂನಿಂದ ಬಂದ ಕೋಳಿ ಮೂಳೆ ಬೇಗ ಮುರಿಯೋದು, ರೆಕ್ಕೆ ಹಿಡಿದು ಎತ್ತಬೇಡಿ. ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ. ಪಾದದಡಿ ಊದಿ ಕಪ್ಪು ಹಕ್ಕಳೆ ಕಟ್ಟಿದ್ರೆ ಮನೇಲಿ ಬ್ಲೇಡ್ ಹಿಡೀಬೇಡಿ, ವೈದ್ಯರ ಕೆಲಸ ಅದು. ಹೊಸ ಕೋಳೀನ ಒಂದು ತಿಂಗಳು ಉಳಿದವುಗಳಿಂದ ದೂರ ಇಡಿ.

ಔಷಧಿ ಕೊಟ್ಟ ಮೇಲೆ ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತ ಕೇಳಿಕೊಳ್ಳಿ. ಕೋಳಿಗಳು ಒಟ್ಟೊಟ್ಟಿಗೆ ಸಾಯೋಕೆ ಶುರುವಾದ್ರೆ ಈ ವಿಡಿಯೋ ಮರೆತುಬಿಡಿ. ಬರಿಗೈಲಿ ಮುಟ್ಟಬೇಡಿ, ಕೊಯ್ದು ಹಂಚಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲಾ 1962ಕ್ಕೆ ಫೋನ್ ಮಾಡಿ.